ಹೊಸ್ತಿಲಿನಿಂದ ಹೊರಟ ನೀರು

ಮಾತೆ ಮರಿಯಮ್ಮನವರ ಜನನೋತ್ಸವ – ತೆನೆ ಹಬ್ಬದ ಪ್ರಬೋಧನೆ
ವಾಚನಗಳು: ಮೀಕ 5:1-4, ಮತ್ತಾಯ 1:1-16, 18-23



ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಮನೆಯಂಗಳದ, ತೋಟದ ಬೇಲಿಯ, ಹಳ್ಳದ ದಂಡೆಯ ಹೂಗಳನ್ನು ತಂದು ಬಾಲಮಾತೆ ಮರಿಯಮ್ಮನವರ ಪಾದಕ್ಕೆ ಅರ್ಪಿಸಿದ್ದಾರೆ. ಇಂದು ತೆನೆಗಳ ಆಶೀರ್ವಾದವಾಗಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಪ್ರತಿಯೊಂದು ಕುಟುಂಬವೂ ತೆನೆಯನ್ನು ಮನೆಗೆ ಒಯ್ದು, ಕಾಳನ್ನು ಸುಲಿದು, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಹಿರಿಯರು ಕಿರಿಯರೆನ್ನದೆ ಒಟ್ಟಿಗೆ ಕುಳಿತು ಸೇವಿಸಲಿದೆ.

ಈ ಹಬ್ಬದಲ್ಲಿ ಒಂದು ವಿಶೇಷವಿದೆ. ಈಗ ನಮ್ಮ ಗದ್ದೆಗಳನ್ನು ನೋಡಿ. ಮೂಡಿಗೆರೆಯಲ್ಲಾಗಲಿ ಕಳಸದಲ್ಲಾಗಲಿ ನಾಟಿ ಮಾಡಿದ ಪೈರು ಇನ್ನೂ ಹಸಿರಾಗಿಯೇ ಇದೆ. ಮಲೆನಾಡಿನಲ್ಲಿ ತೆನೆ ಬಲಿತು ಕೊಯ್ಲಾಗುವುದಕ್ಕೆ ಇನ್ನೂ ತಿಂಗಳುಗಳು ಬೇಕು. ಆದರೂ ನಾವು ಸೆಪ್ಟೆಂಬರ್ 8ರಂದೇ ತೆನೆ ಹಬ್ಬವನ್ನು ಆಚರಿಸುತ್ತೇವೆ. ಕಾರಣವೇನು? ಈ ಹಬ್ಬ ನಮ್ಮ ಹಿರಿಯರೊಂದಿಗೆ ಘಟ್ಟ ಹತ್ತಿ ಬಂದ ಹಬ್ಬ. ಇಲ್ಲಿರುವ ಅನೇಕ ಕುಟುಂಬಗಳ ಅಜ್ಜ ಅಜ್ಜಿಯರು ಮಂಗಳೂರು ಸೀಮೆಯಿಂದ ಚಾರ್ಮಾಡಿಯ ದಾರಿಯಾಗಿ ಈ ಬೆಟ್ಟಗಳಿಗೆ ಬಂದವರು. ಅವರು ತಮ್ಮ ಜಪಸರವನ್ನೂ ಪ್ರಾರ್ಥನೆಗಳನ್ನೂ ತಂದ ಹಾಗೆಯೇ ಕರಾವಳಿಯ ಬೆಳೆಯ ಲೆಕ್ಕವನ್ನೂ ತಂದರು. ಮೊಂತಿ ಹಬ್ಬದ ದಿನ ಬೆಟ್ಟದ ಮೇಲೆ ಕುಳಿತು ನಾವು ಕಡಲತೀರದ ಊಟವನ್ನೇ ಉಣ್ಣುತ್ತೇವೆ.

ಇದನ್ನು ಇಂದು ನೆನಪಿಸುವುದಕ್ಕೆ ಕಾರಣವಿದೆ. ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬವಾದ ಅಕ್ಟೋಬರ್ 4ರ ತನಕ ಧರ್ಮಸಭೆಯು ಸೃಷ್ಟಿಯ ಕಾಲವನ್ನು ಆಚರಿಸುತ್ತದೆ. ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ವಿಶ್ವದಿನವೆಂದು ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಘೋಷಿಸಿದರು. ಈ ದಿನಗಳಲ್ಲಿ ನೀರು ಮತ್ತು ಕಡಲತೀರಗಳ ರಕ್ಷಣೆಗಾಗಿ ಜನರನ್ನು ಒಟ್ಟುಗೂಡಿಸಿ ಕಾರ್ಯಾಗಾರಗಳನ್ನು ನಡೆಸುವ ರೂಢಿ ಅನೇಕ ಕಡೆ ಬೆಳೆದಿದೆ. ನಮ್ಮಲ್ಲಿಯೂ ಹಾಗೊಂದು ಕಾರ್ಯಾಗಾರ ಆಗಲಿ ಎಂದಾಗ ಕೇಳಿಬರುವ ಪ್ರಶ್ನೆ ಒಂದೇ: "ಕಡಲು ಎಲ್ಲಿ, ನಾವು ಎಲ್ಲಿ? ಕಾಫಿ ತೋಟದವರಿಗೆ ಕಡಲಿನ ಚಿಂತೆ ಏಕೆ?" ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಉತ್ತರವನ್ನು ದೇವರ ವಾಕ್ಯದಲ್ಲಿಯೂ ನಮ್ಮ ಹಳ್ಳಗಳಲ್ಲಿಯೂ ಹುಡುಕೋಣ.

ಹೆಸರುಗಳ ಹೊಳೆ

ಇಂದಿನ ಶುಭಸಂದೇಶವನ್ನು ಕೇಳುವಾಗ ಕೆಲವರಿಗೆ ಬೇಸರವಾಗಿರಬಹುದು. ಅಬ್ರಹಾಮನಿಂದ ದಾವೀದನವರೆಗೆ, ದಾವೀದನಿಂದ ಬಾಬಿಲೋನಿನ ಸೆರೆವಾಸದವರೆಗೆ, ಅಲ್ಲಿಂದ ಕ್ರಿಸ್ತರವರೆಗೆ ಬರೀ ಹೆಸರುಗಳು. ಸಂತ ಮತ್ತಾಯರು ಅವುಗಳನ್ನು ಮೂರು ಬಾರಿ 14 ತಲೆಮಾರುಗಳೆಂದು ಎಣಿಸುತ್ತಾರೆ. ಹುಟ್ಟುಹಬ್ಬದ ದಿನ ಈ ಪಟ್ಟಿ ಏಕೆ?

ಈ ಪಟ್ಟಿ ಒಂದು ಹೊಳೆಯ ಹಾಗಿದೆ. ಮೇಲಿನವರು ಪಡೆದದ್ದು ಕೆಳಗಿನವರಿಗೆ ಹರಿಯುತ್ತದೆ. ದೇವರ ವಾಗ್ದಾನವನ್ನು ಯಾರೊಬ್ಬರೂ ತಮ್ಮಲ್ಲೇ ಕಟ್ಟಿ ಇಟ್ಟುಕೊಳ್ಳಲಿಲ್ಲ; ಇಟ್ಟುಕೊಂಡಿದ್ದರೆ ಅದು ಬೆತ್ಲೆಹೇಮನ್ನು ತಲುಪುತ್ತಿರಲಿಲ್ಲ. ಈ ಹೊಳೆಯಲ್ಲಿ ಕೆಸರಿನ ಜಾಗಗಳೂ ಇವೆ. ದಾವೀದನ ಪಾಪವನ್ನು ಮತ್ತಾಯರು ಮರೆಮಾಚದೆ ಊರೀಯನ ಹೆಂಡತಿಯನ್ನು ನೆನಪಿಸುತ್ತಾರೆ. ಆದರೂ ದೇವರ ಕೃಪೆ ಆ ಹರಿವನ್ನು ಶುದ್ಧೀಕರಿಸುತ್ತಾ ನಡೆಸಿ ಮರಿಯಮ್ಮನವರ ತನಕ ತಂದಿತು. ಅವರಾದರೋ ಪಡೆದ ವರವನ್ನು ತಮಗೆಂದು ಉಳಿಸಿಕೊಳ್ಳದೆ ಲೋಕಕ್ಕೇ ಕೊಟ್ಟರು. ಪಡೆದುದನ್ನು ಕೆಡಿಸದೆ ಮುಂದಿನವರಿಗೆ ದಾಟಿಸುವುದು ಈ ಹಬ್ಬ ಕಲಿಸುವ ಪಾಠವಾಗಿದೆ. ನಮ್ಮ ಕೈಗೆ ಬಂದಿರುವ ನೀರಿನ ವಿಷಯದಲ್ಲಿಯೂ ಇದೇ ಪಾಠ.

ಎರಡು ಕಡಲಿಗೆ ಹರಿಯುವ ನಾಡು

ದೇವರು ನಮ್ಮನ್ನು ಎಂತಹ ಸ್ಥಳದಲ್ಲಿ ಇಟ್ಟಿದ್ದಾರೆಂದು ಯೋಚಿಸಿದ್ದೇವೆಯೇ? ಆದಿಕಾಂಡದಲ್ಲಿ ಏದೆನ್ ತೋಟವನ್ನು ತೋಯಿಸುವ ನದಿಯೊಂದು ಅಲ್ಲಿಂದ ಹೊರಟು ನಾಲ್ಕು ಕವಲಾಯಿತು ಎಂದು ಓದುತ್ತೇವೆ. ನಮ್ಮ ಬೆಟ್ಟಗಳಿಂದಲೂ ನಾಲ್ಕು ದೊಡ್ಡ ನದಿಗಳಿಗೆ ನೀರು ಹೋಗುತ್ತದೆ. ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ. ಅದೇ ಬೆಟ್ಟಸಾಲಿನ ತೊರೆಗಳು ನೇತ್ರಾವತಿಯಾಗಿ ಪಶ್ಚಿಮಕ್ಕೆ ಇಳಿಯುತ್ತವೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹೇಮಾವತಿ ಹುಟ್ಟುತ್ತದೆ.

ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ದಾಟಿ ಲಕ್ಕವಳ್ಳಿಯ ಅಣೆಕಟ್ಟೆಯನ್ನು ತುಂಬಿ, ಭದ್ರಾವತಿಯ ಮೂಲಕ ಸಾಗಿ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹೇಮಾವತಿ ಸಕಲೇಶಪುರ, ಗೊರೂರುಗಳ ಮೂಲಕ ಕಾವೇರಿಯನ್ನು ಕೂಡಿ ತಮಿಳುನಾಡಿನ ತೀರವನ್ನು ಮುಟ್ಟುತ್ತದೆ. ಕೊಟ್ಟಿಗೆಹಾರದ ಆಚೆ ಚಾರ್ಮಾಡಿಯ ಇಳಿಜಾರಿನಲ್ಲಿ ಬಿದ್ದ ಮಳೆಯಾದರೋ ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿಗೆ ಸೇರಿ, ಉಪ್ಪಿನಂಗಡಿ, ಬಂಟ್ವಾಳಗಳನ್ನು ಹಾದು ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. ಒಂದೇ ಬೆಟ್ಟದ ನೆತ್ತಿಯ ಮೇಲೆ ಬಿದ್ದ ಎರಡು ಹನಿಗಳಲ್ಲಿ ಒಂದು ಪೂರ್ವದ ಕಡಲಿಗೆ, ಇನ್ನೊಂದು ಪಶ್ಚಿಮದ ಕಡಲಿಗೆ.

ಮಂಗಳೂರು ನಗರದ ಕುಡಿಯುವ ನೀರು ಬರುವುದು ನೇತ್ರಾವತಿಗೆ ಕಟ್ಟಿರುವ ತುಂಬೆಯ ಕಿಂಡಿ ಅಣೆಕಟ್ಟೆಯಿಂದ. 2016ರ ಮತ್ತು 2019ರ ಬೇಸಿಗೆಗಳಲ್ಲಿ ಅಲ್ಲಿ ನೀರು ತಗ್ಗಿ, ನಗರದವರಿಗೆ ಸರದಿಯಂತೆ ನೀರು ಬಿಡಬೇಕಾಯಿತು. ಅಲ್ಲಿ ಕೊಡ ಹಿಡಿದು ಕಾದವರಲ್ಲಿ ನಮ್ಮ ಅತ್ತೆ ಮಾವಂದಿರೂ ಅಕ್ಕ ತಂಗಿಯರೂ ಇದ್ದರಲ್ಲವೇ?

ನದಿಯ ನೀರು ಕಡಲಿಗೆ ಹೋಗಿ ದಂಡವಾಗುತ್ತದೆ ಎಂದು ಹೇಳುವುದನ್ನು ಕೇಳುತ್ತೇವೆ. ಮೀನುಗಾರರನ್ನು ಕೇಳಿದರೆ ಬೇರೆಯೇ ಉತ್ತರ ಸಿಗುತ್ತದೆ. ನದಿ ಕಡಲನ್ನು ಸೇರುವ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ಎಷ್ಟೋ ಬಗೆಯ ಮೀನು, ಸಿಗಡಿಗಳ ಮರಿಗಳು ಬೆಳೆಯುವುದು ಆ ಬೆರಕೆ ನೀರಿನಲ್ಲಿಯೇ. ಮಳೆಗಾಲದ ಹೊಳೆ ಬೆಟ್ಟದ ಮರಳನ್ನು ಹೊತ್ತು ತಂದು ಕಡಲತೀರಕ್ಕೆ ಹಾಕುತ್ತದೆ. ಆ ಮರಳು ಬಾರದಿದ್ದರೆ ಅಲೆಗಳು ದಡವನ್ನು ತಿನ್ನುತ್ತವೆ. ಹೊಳೆಯ ಹರಿವು ಬಲವಾಗಿದ್ದರೆ ಉಪ್ಪುನೀರು ಒಳನಾಡಿನ ಬಾವಿಗಳತ್ತ ಬರುವುದಿಲ್ಲ. ಹೀಗೆ ಉಳ್ಳಾಲದ ಮೀನುಗಾರನ ಬಲೆಗೂ ಬಾವಿಗೂ ನಮ್ಮ ತೋಟದ ಒರತೆಗೂ ಸಂಬಂಧವಿದೆ.

ಅಳೆಯುತ್ತಾ ನೀರಿಗಿಳಿದ ಪ್ರವಾದಿ

ಪ್ರವಾದಿ ಯೆಜೆಕಿಯೇಲನ ಗ್ರಂಥದ 47ನೇ ಅಧ್ಯಾಯವನ್ನು ಇಂದು ಮನೆಗೆ ಹೋಗಿ ಓದಿರಿ. ಮಹಾದೇವಾಲಯದ ಹೊಸ್ತಿಲಿನ ಕೆಳಗಿನಿಂದ ನೀರು ಜಿನುಗುತ್ತಿರುವುದನ್ನು ಪ್ರವಾದಿ ಕಾಣುತ್ತಾನೆ. ಕೈಯಲ್ಲಿ ಅಳತೆಯ ನೂಲು ಹಿಡಿದ ಒಬ್ಬನು ಅವನನ್ನು ನೀರಿನೊಳಗೇ ನಡೆಸಿಕೊಂಡು ಹೋಗುತ್ತಾನೆ. ಸಾವಿರ ಮೊಳ ಅಳೆದಾಗ ನೀರು ಹರಡಿನ ತನಕ, ಮತ್ತೆ ಸಾವಿರ ಅಳೆದಾಗ ಮೊಣಕಾಲಿನ ತನಕ, ಮತ್ತೆ ಸೊಂಟದ ತನಕ; ಕೊನೆಗೆ ದಾಟಲಾಗದ ಹೊಳೆ. ಆ ನೀರು ಹೋಗಿ ಉಪ್ಪಿನ ಸಮುದ್ರವನ್ನು ಸೇರಿದಾಗ ಸಮುದ್ರವೇ ಸಿಹಿಯಾಗುತ್ತದೆ, ಸತ್ತ ನೀರಿನಲ್ಲಿ ಮೀನು ತುಂಬುತ್ತದೆ, ದಡದಲ್ಲಿ ಬೆಸ್ತರು ಬಲೆ ಹರಡುತ್ತಾರೆ, ಎರಡೂ ದಂಡೆಯ ಮರಗಳ ಎಲೆಗಳು ಔಷಧವಾಗುತ್ತವೆ.

ಗಮನಿಸಿ, ಕಡಲಿನ ಆರೋಗ್ಯ ಆರಂಭವಾದದ್ದು ಕಡಲತೀರದಲ್ಲಿ ಅಲ್ಲ. ಎತ್ತರದಲ್ಲಿರುವ ದೇವರ ಮನೆಯ ಹೊಸ್ತಿಲಲ್ಲಿ. ನಾವು ವಾಸಿಸುವುದು ಅಂತಹ ಹೊಸ್ತಿಲಿನ ಮೇಲೆಯೇ. ಇನ್ನೊಂದು ಸಂಗತಿಯೂ ಇದೆ. ದೇವದೂತನು ಪ್ರವಾದಿಯನ್ನು ಕೂರಿಸಿ ಭಾಷಣ ಮಾಡಲಿಲ್ಲ, ನೀರಿಗಿಳಿಸಿ ನಡೆಸಿದನು, ಪ್ರತಿ ಹೆಜ್ಜೆಯಲ್ಲಿಯೂ ಅಳೆದು ತೋರಿಸಿದನು. ಕಾರ್ಯಾಗಾರವೆಂದರೆ ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನಮಗೆ ಬೇಕಿಲ್ಲ.

ಅದೇ ಪ್ರವಾದಿಯ 34ನೇ ಅಧ್ಯಾಯದಲ್ಲಿ ಕಟುವಾದ ಮಾತೂ ಇದೆ. ಬಲಿಷ್ಠ ಕುರಿಗಳು ತಿಳಿನೀರನ್ನು ಕುಡಿದ ಮೇಲೆ ಉಳಿದುದನ್ನು ಕಾಲಿನಿಂದ ಕದಡಿಬಿಡುತ್ತವೆ. ಬಡಕಲು ಕುರಿಗಳು ಆ ಬಗ್ಗಡವನ್ನೇ ಕುಡಿಯಬೇಕಾಗುತ್ತದೆ. ದೇವರು ಇದನ್ನು ನೋಡುತ್ತಾರೆ, ಇದಕ್ಕಾಗಿ ನ್ಯಾಯತೀರಿಸುತ್ತಾರೆ. ನೀರು ಕುಡಿದದ್ದು ತಪ್ಪಲ್ಲ; ಕೆಳಗಿನವನ ನೀರನ್ನು ಕದಡಿದ್ದು ತಪ್ಪು.

ನವೆಂಬರಿನ ನೀರು

ಈ ವಾಕ್ಯವನ್ನು ನಮ್ಮ ಕೆಲಸಕ್ಕೆ ಹಚ್ಚಿ ನೋಡೋಣ. ಇನ್ನೆರಡು ತಿಂಗಳಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಹಣ್ಣು ಕಾಫಿ ಪಲ್ಪರಿಗೆ ಬೀಳುತ್ತದೆ. ಸಿಪ್ಪೆ ಬಿಡಿಸಿ ಬೀಜದ ಮೇಲಿನ ಲೋಳೆಯನ್ನು ತೊಳೆದ ನೀರು ನೋಡಲು ಬರೀ ಬಗ್ಗಡ. ಆದರೆ ಅದರಲ್ಲಿ ಹಣ್ಣಿನ ಸಕ್ಕರೆಯೂ ಲೋಳೆಯೂ ಕರಗಿರುತ್ತವೆ. ಅದು ಹಳ್ಳಕ್ಕೆ ಸೇರಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಬೆಳೆಯುತ್ತವೆ. ಬೆಳೆಯುವಾಗ ನೀರಿನಲ್ಲಿ ಕರಗಿರುವ ಪ್ರಾಣವಾಯುವನ್ನೆಲ್ಲಾ ಎಳೆದುಕೊಳ್ಳುತ್ತವೆ. ಮೀನು, ಏಡಿಗಳು ಉಸಿರುಕಟ್ಟಿ ಸಾಯುತ್ತವೆ. ನೀರು ಹುಳಿಯಾಗಿ ಕಪ್ಪಗಾಗಿ ನಾರುತ್ತದೆ. ಮಳೆಗಾಲದ ತುಂಬು ಹೊಳೆಯಾದರೆ ಹೇಗೋ ಕೊಚ್ಚಿಕೊಂಡು ಹೋದೀತು. ಆದರೆ ಪಲ್ಪಿಂಗ್ ನಡೆಯುವುದು ನವೆಂಬರಿನಿಂದ ಮುಂದೆ, ಹಳ್ಳ ದಿನದಿಂದ ದಿನಕ್ಕೆ ಸೊರಗುವ ಕಾಲದಲ್ಲಿ.

ಮೂಡಿಗೆರೆಯ ಪಲ್ಪರಿನ ನೀರು ನೇರವಾಗಿ ಕಡಲನ್ನೇ ಕೆಡಿಸುತ್ತದೆ ಎಂದು ನಾವು ಹೇಳುತ್ತಿಲ್ಲ. ಅದರ ಮೊದಲ ಪೆಟ್ಟು ಬೀಳುವುದು ಹತ್ತಿರದಲ್ಲೇ: ಕೆಳಗಿನ ಲೈನ್ ಮನೆಗಳಲ್ಲಿ ಅದೇ ಹಳ್ಳದಲ್ಲಿ ಬಟ್ಟೆ ಒಗೆದು ಮಕ್ಕಳಿಗೆ ಸ್ನಾನ ಮಾಡಿಸುವ ತಾಯಂದಿರ ಮೇಲೆ, ಪಕ್ಕದ ಸಣ್ಣ ಹಿಡುವಳಿದಾರನ ದನಕರುಗಳ ಮೇಲೆ. ಆದರೆ ಔಷಧದ ಖಾಲಿ ಡಬ್ಬಿಗಳು, ಮದುವೆ ಮನೆಯ ಪ್ಲಾಸ್ಟಿಕ್ ಲೋಟಗಳು, ಕಡಿದ ಗುಡ್ಡದ ಸಡಿಲ ಮಣ್ಣು ಇವೆಲ್ಲ ದೂರ ಪ್ರಯಾಣ ಮಾಡುತ್ತವೆ. ಇವು ಒಂದು ಮಳೆಗಾಲದಲ್ಲಿ ಹೊರಟು ಅಣೆಕಟ್ಟೆಗೂ ಅಳಿವೆಗೂ ತಲುಪಬಲ್ಲವು. ಹತ್ತಿರದ ನೆರೆಯವನನ್ನು ಮರೆತವನಿಗೆ ದೂರದ ನೆರೆಯವನು ನೆನಪಾಗುವುದು ಕಷ್ಟ. ಆದುದರಿಂದ ಕಡಲಿನ ಮೇಲಿನ ಪ್ರೀತಿ ಲೈನ್ ಮನೆಯ ನಲ್ಲಿಯ ಬಳಿಯೇ ಪರೀಕ್ಷೆಗೆ ಒಳಗಾಗುತ್ತದೆ.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿಯಲ್ಲಿ ಯಾಜಕನೂ ಲೇವಿಯನೂ ಗಾಯಗೊಂಡವನನ್ನು ಕಂಡು ಪಕ್ಕಕ್ಕೆ ಸರಿದು ಹೋದರು. ಹಳ್ಳದ ವಿಷಯದಲ್ಲಿ ನಮಗೆ ಪಕ್ಕಕ್ಕೆ ಸರಿಯುವ ಕಷ್ಟವೂ ಇಲ್ಲ. ಕೆಳಗಿನವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನೀರು ತಿರುವಿನಲ್ಲಿ ಮರೆಯಾಗುತ್ತದೆ, ಅದರೊಂದಿಗೆ ನೆರೆಯವನೂ ಮರೆಯಾಗುತ್ತಾನೆ.

ಬೆಟ್ಟ ಕಲಿಸಿದ ಪಾಠ

ಮೇಲಿನದು ಕೆಳಗಿನದನ್ನು ಮುಟ್ಟುತ್ತದೆ ಎಂಬುದನ್ನು ಕಳಸದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದು ಸಾವಿರಾರು ಮಂದಿಗೆ ಕೆಲಸ ಕೊಟ್ಟಿತೆಂಬುದು ನಿಜ. ಗಣಿಯ ಮಣ್ಣು ಭದ್ರೆಯನ್ನು ಸೇರಿದ್ದೂ ನಿಜ. ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ. ಎಂ. ಚಿಣ್ಣಪ್ಪನವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರ ಅಕ್ಟೋಬರಿನಲ್ಲಿ ತೀರ್ಪು ನೀಡಿ, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ಆದೇಶಿಸಿತು. ಗಣಿ ನಿಂತಿತು. ನದಿಯ ಪರವಾಗಿ ಮಾತನಾಡಿದರೆ ಫಲವಿಲ್ಲ ಎನ್ನುವವರು ಇದನ್ನು ನೆನಪಿಡಬೇಕು. ಜೊತೆಗೆ, ಕೆಲಸ ಕಳೆದುಕೊಂಡ ಕುಟುಂಬಗಳ ಕಷ್ಟವನ್ನೂ ನೆನಪಿಡಬೇಕು. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಆಲಿಸಬೇಕೆಂದು ಪೋಪ್ ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನಮಗೆ ಕಲಿಸಿದ್ದು ಇದನ್ನೇ.

2019ರ ಆಗಸ್ಟ್ ತಿಂಗಳನ್ನೂ ನಾವು ಮರೆತಿಲ್ಲ. ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜಾರಿ ಮನೆಗಳೂ ತೋಟಗಳೂ ಹೋದವು. ಅದೇ ಮಳೆಯಲ್ಲಿ ಘಟ್ಟದ ಕೆಳಗೆ ಮೃತ್ಯುಂಜಯ ಹೊಳೆ ಉಕ್ಕಿ ಚಾರ್ಮಾಡಿಯ ಮನೆಗಳಿಗೆ ನುಗ್ಗಿತು. ಮಳೆಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಆದರೆ ಬೇರುಗಳು ಹಿಡಿದಿರುವ ಇಳಿಜಾರನ್ನು ಯಂತ್ರ ತಂದು ಕಡಿಯುವುದೋ ಬಿಡುವುದೋ, ಹಳ್ಳದ ಹಾದಿಯನ್ನು ಮುಚ್ಚುವುದೋ ತೆರೆದಿಡುವುದೋ, ಅದು ನಮ್ಮ ಕೈಯಲ್ಲಿದೆ.

ಕಾರ್ಯಾಗಾರ ಹೀಗಿರಲಿ

ಪ್ರಿಯರೇ, ಆದುದರಿಂದ ಈ ಸೃಷ್ಟಿಯ ಕಾಲ ಮುಗಿಯುವುದರೊಳಗೆ ಪ್ರತಿಯೊಂದು ಕಿರು ಕ್ರೈಸ್ತ ಸಮುದಾಯವೂ ತನ್ನ ಹಳ್ಳದ ಬಳಿ ಸೇರಲಿ. ಸಭಾಭವನ, ವೇದಿಕೆ, ಹಾರ, ಬ್ಯಾನರ್ ಇವು ಬೇಡ. ಇತರ ಧರ್ಮಗಳ ನೆರೆಯವರನ್ನೂ ಕರೆಯೋಣ, ಹಳ್ಳಕ್ಕೆ ಜಾತಿಯಿಲ್ಲ.

ಮೊದಲನೆಯದು, ನಡೆಯುವುದು. ಒರತೆಯಿಂದ ಹೊರಟು, ಹಳ್ಳ ಹೊಳೆಯನ್ನು ಸೇರುವ ತನಕ ಮಕ್ಕಳನ್ನು ಕರೆದುಕೊಂಡು ನಡೆಯೋಣ. ಎಲ್ಲಿ ಹರಡಿನಷ್ಟು, ಎಲ್ಲಿ ಮೊಣಕಾಲಿನಷ್ಟು ನೀರಿದೆ, ಎಲ್ಲಿ ಮೀನಿದೆ, ಎಲ್ಲಿ ಇಲ್ಲ, ಎಲ್ಲಿಂದ ಕೊಳಕು ಸೇರುತ್ತದೆ ಎಂದು ಮಕ್ಕಳು ಬರೆದುಕೊಳ್ಳಲಿ.

ಎರಡನೆಯದು, ಕೇಳುವುದು. ಮೊದಲು ಮಾತನಾಡಬೇಕಾದವರು ಹಳ್ಳದ ಕೆಳಗಿನವರು. ಹತ್ತು ವರ್ಷದ ಹಿಂದೆ ನೀರು ಹೇಗಿತ್ತು, ಈಗ ಯಾವ ತಿಂಗಳಲ್ಲಿ ನಾರುತ್ತದೆ ಎಂಬುದನ್ನು ಲೈನ್ ಮನೆಯ ಅಮ್ಮಂದಿರು ಹೇಳಲಿ. ಸಾಹುಕಾರರೂ ರೈಟರುಗಳೂ ಆಲಿಸಲಿ. ದೇವಾಲಯದಲ್ಲಿ ಒಂದೇ ಬೆಂಚಿನಲ್ಲಿ ಕೂರುವ ನಾವು ಹಳ್ಳದ ದಂಡೆಯಲ್ಲಿಯೂ ಒಟ್ಟಿಗೆ ಕೂರಬಲ್ಲೆವು. ಕರಾವಳಿಯಲ್ಲಿರುವ ನಮ್ಮ ನೆಂಟರನ್ನೂ ಒಂದು ದಿನ ಕರೆಸಿ ಅವರ ಬಾವಿ, ಬಲೆ, ದಡಗಳ ಸುದ್ದಿಯನ್ನು ಕೇಳೋಣ.

ಮೂರನೆಯದು, ತೀರ್ಮಾನಿಸುವುದು. ಪಲ್ಪರ್ ಇರುವವರು ಕೊಯ್ಲಿಗೆ ಮುಂಚೆಯೇ ಹೊಂಡಗಳನ್ನು ಸಿದ್ಧಪಡಿಸಲಿ. ತೊಳೆದ ನೀರನ್ನು ನಿಲ್ಲಿಸಿ, ಸುಣ್ಣ ಹಾಕಿ ಹುಳಿ ತಗ್ಗಿಸಿ, ಹಂತ ಹಂತವಾಗಿ ಶುದ್ಧಿ ಮಾಡುವ ಕ್ರಮವಿದೆ. ಕಡಿಮೆ ನೀರಿನಲ್ಲಿ ನಡೆಯುವ ಪಲ್ಪರುಗಳೂ ಬಂದಿವೆ. ಸಿಪ್ಪೆಯನ್ನು ಗೊಬ್ಬರ ಮಾಡಬಹುದು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ; ಕಾಫಿ ಮಂಡಳಿಯ ಸಂಪರ್ಕಾಧಿಕಾರಿಗಳನ್ನು ಕರೆದರೆ ವಿವರಿಸುತ್ತಾರೆ. ಮಲಿನ ನೀರನ್ನು ಹಳ್ಳಕ್ಕೆ ಬಿಡುವುದನ್ನು 1974ರ ಜಲ ಕಾಯಿದೆಯೇ ನಿಷೇಧಿಸುತ್ತದೆ. ಕಾನೂನಿನ ಭಯಕ್ಕಿಂತ ನೆರೆಯವನ ಪ್ರೀತಿ ನಮ್ಮನ್ನು ನಡೆಸಲಿ. ತೋಟದಲ್ಲಿ ತೊಟ್ಟಿಲು ಗುಂಡಿಗಳನ್ನು ತೆಗೆದು ಮಳೆನೀರನ್ನು ಇಂಗಿಸೋಣ. ಹಳ್ಳದ ಎರಡೂ ಬದಿಯಲ್ಲಿ ಕಾಡುಮರಗಳನ್ನು ಬಿಡೋಣ. ಅಲ್ಲಿ ಕಳೆನಾಶಕ ಬೇಡ. ಸಿಂಪಡಣೆಯ ಡ್ರಮ್ಮುಗಳನ್ನು ಹಳ್ಳದಲ್ಲಿ ತೊಳೆಯುವುದು ಬೇಡ. ತೋಟವಿಲ್ಲದವರಿಗೂ ಕೆಲಸವಿದೆ: ಶೌಚಗುಂಡಿ ಹಳ್ಳದಿಂದ ದೂರವಿರಲಿ, ನಮ್ಮ ಹಬ್ಬದೂಟ ಬಾಳೆಎಲೆಯಲ್ಲಿ ನಡೆಯಲಿ.

ಕಾಫಿಗೆ ಬೆಲೆ ಬಿದ್ದಾಗ "ಹೊಂಡ ಕಟ್ಟಲು ಹಣವಿಲ್ಲ" ಎಂಬ ಮಾತು, ಬೆಲೆ ಏರಿದಾಗ "ಬಿಡುವಿಲ್ಲ" ಎಂಬ ಮಾತು ಕೇಳಿಬರುತ್ತದೆ. ಸಣ್ಣ ಬೆಳೆಗಾರರ ಕಷ್ಟ ನಿಜವಾದದ್ದು. ಒಬ್ಬರಿಗೆ ಸಾಧ್ಯವಿಲ್ಲದಿದ್ದರೆ ನಾಲ್ಕು ಮನೆಗಳು ಸೇರಿ ಒಂದು ಪಲ್ಪರ್, ಒಂದು ಹೊಂಡ ಮಾಡಿಕೊಳ್ಳಬಹುದು. ಅಥವಾ ನೀರೇ ಬೇಡದಂತೆ ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರ್ರಿ ಮಾಡಬಹುದು. ಅನುಕೂಲವಿರುವ ದೊಡ್ಡ ತೋಟಗಳು ಮೊದಲ ಹೆಜ್ಜೆ ಇಡುವುದು ನ್ಯಾಯ.

ನಾಲ್ಕನೆಯದು, ಮರಳಿ ಬರುವುದು. ಪಾಸ್ಖ ಕಾಲದಲ್ಲಿ, ಹಳ್ಳ ಅತಿ ಸಣಕಲಾಗಿರುವಾಗ ಅದೇ ಜನ ಅದೇ ದಾರಿಯಲ್ಲಿ ಮತ್ತೊಮ್ಮೆ ನಡೆಯಲಿ, ಮತ್ತೊಮ್ಮೆ ಅಳೆಯಲಿ. ಸೆಪ್ಟೆಂಬರಿನಲ್ಲಿ ಮಾಡಿದ ಸಂಕಲ್ಪ ಉಳಿಯಿತೋ ಇಲ್ಲವೋ ಎಂಬುದನ್ನು ಏಪ್ರಿಲಿನ ನೀರೇ ಹೇಳುತ್ತದೆ.

ನೀರಿನಲ್ಲಿ ಹುಟ್ಟಿದವರು

ಕ್ರೈಸ್ತರಾದ ನಾವು ನೀರಿನಲ್ಲಿ ಹುಟ್ಟಿದವರು. ದೀಕ್ಷಾಸ್ನಾನದ ತೊಟ್ಟಿಯ ನೀರು ಇಲ್ಲಿಯ ಒರತೆಯ ನೀರೇ. ಪ್ರತಿ ಬಲಿಪೂಜೆಯಲ್ಲಿಯೂ ಗುರುಗಳು ಪಾತ್ರೆಯ ದ್ರಾಕ್ಷಾರಸಕ್ಕೆ ಒಂದು ತೊಟ್ಟು ನೀರನ್ನು ಬೆರೆಸುತ್ತಾರೆ. ಆ ತೊಟ್ಟು ನೀರೂ ಇದೇ ಬೆಟ್ಟದ್ದು. ದೇವರ ಪೀಠಕ್ಕೆ ಏರುವ ನೀರನ್ನು ಹಳ್ಳದಲ್ಲಿ ಹೊಲಸು ಮಾಡುವುದು ಹೇಗೆ ಸರಿಯಾದೀತು? ಸಂತ ಫ್ರಾನ್ಸಿಸರು ನೀರನ್ನು ಸಹೋದರಿ ಎಂದು ಕರೆದರು. ಸಹೋದರಿಯನ್ನು ಗಂಡನ ಮನೆಗೆ ಕಳುಹಿಸುವಾಗ ನಾವು ಮಡಿಯುಡಿಸಿ, ಹರಸಿ ಕಳುಹಿಸುತ್ತೇವೆ. ನಮ್ಮ ಬೆಟ್ಟದಿಂದ ಎರಡು ಕಡಲಿಗೆ ಹೊರಡುವ ನೀರನ್ನೂ ಹಾಗೆಯೇ ಕಳುಹಿಸೋಣ.

ಇಂದು ಮನೆಯಲ್ಲಿ ತೆನೆಯ ಊಟಕ್ಕೆ ಕುಳಿತಾಗ, ಪ್ರಾರ್ಥನೆಯ ಕೊನೆಗೆ ಒಂದು ಪ್ರಶ್ನೆಯನ್ನು ಮನೆಯ ಹಿರಿಯರು ಮಕ್ಕಳ ಮುಂದೆ ಇಡಲಿ: ನಮ್ಮ ಮನೆಯನ್ನು ದಾಟಿದ ನೀರು ಯಾರ ಮನೆಗೆ ಹೋಗುತ್ತದೆ? ಅವರ ಹೆಸರು ನಮಗೆ ಗೊತ್ತಿದೆಯೇ?

ಓ ಬಾಲಮಾತೆ ಮರಿಯಮ್ಮನವರೇ, ಪಡೆದುದನ್ನು ನಿರ್ಮಲವಾಗಿ ಲೋಕಕ್ಕೆ ನೀಡಿದ ತಾಯಿಯೇ, ಈ ಬೆಟ್ಟಗಳ ಒರತೆಗಳನ್ನೂ ಹಳ್ಳಗಳನ್ನೂ ನಿಮ್ಮ ಮಡಿಲಲ್ಲಿ ಇಡುತ್ತೇವೆ. ತೋಟದ ಮಾಲೀಕರನ್ನೂ ಕೂಲಿಕಾರ್ಮಿಕರನ್ನೂ ಕಡಲಿನ ಬೆಸ್ತರನ್ನೂ ಒಂದೇ ಕುಟುಂಬವಾಗಿ ಕಾಯಿರಿ. ಕಾನಾ ಊರಿನ ಮದುವೆಯಲ್ಲಿ ಕೊರತೆಯನ್ನು ಮೊದಲು ಕಂಡವರು ನೀವು. ಕೆಳಗಿನವರ ಕೊರತೆಯನ್ನು ಕಾಣುವ ಕಣ್ಣನ್ನು ನಮಗೂ ನಿಮ್ಮ ಪುತ್ರರಿಂದ ಬೇಡಿ ಕೊಡಿರಿ.

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.